ಬೈಕಿನ ಚೈನಿಗೆ ಸಿಕ್ಕಿತು ಎಂದು ಬರೆಸಿದ ಬೆರಳು

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಮುಗಿಯುತ್ತಿದ್ದಂತೆ ಮಂಗಳೂರು, ಉಡುಪಿ ಕಡೆಯ ಹದಿನೈದು, ಹದಿನಾರು, ಹದಿನೇಳರ ಅನೇಕ ಮಕ್ಕಳು ಕೆಲಸಕ್ಕೆ ಹೊರಡುತ್ತಾರೆ. ಕ್ಯಾಟರಿಂಗ್‌ನವರ ಜೊತೆ ಬಡಿಸಲು, ಬೇಕರಿಗೆ, ಗ್ಯಾರೇಜಿಗೆ, ಶಾಮಿಯಾನ ಕಟ್ಟಲು, ಕಬ್ಬಿನ ಹಾಲಿನ ಅಂಗಡಿಗೆ, ದಕ್ಕೆಯಲ್ಲಿ ಮೀನು ವಿಂಗಡಿಸಲು, ಅಡಿಕೆ ತೋಟಕ್ಕೆ, ಹೀಗೆ ಕರೆದಲ್ಲಿಗೆ ಹೋಗುತ್ತಾರೆ. ಕೆಲವರಿಗೆ ಇದು ಬೇಸಗೆ ರಜೆಯ ಮಾತು. ಇನ್ನು ಕೆಲವರು ವರ್ಷವಿಡೀ ಶನಿವಾರ ಮತ್ತು ಭಾನುವಾರ ದುಡಿಯುತ್ತಾರೆ. ಬಂದ ಹಣ ಕಾಲೇಜಿನ ಶುಲ್ಕಕ್ಕೋ, ತಂಗಿಯ ಪುಸ್ತಕಕ್ಕೋ, ಮನೆಯ ಸಾಲದ ಕಂತಿಗೋ ಹೋಗುತ್ತದೆ. ದುಡಿದು ಬಲ್ಲ ಮಕ್ಕಳ ಬಗ್ಗೆ ನನಗೆ ಗೌರವವಿದೆ, ಅವರನ್ನು ಕೆಲಸ ಬಿಡಿಸಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ಈ ಮಕ್ಕಳಿಗೆ ಕೆಲಸದ ಜಾಗದಲ್ಲಿ ಪೆಟ್ಟಾದಾಗ ಆ ಪೆಟ್ಟು ಯಾವ ಪುಸ್ತಕದಲ್ಲಿಯೂ ದಾಖಲಾಗದೆ ಮಾಯವಾಗಿಬಿಡುತ್ತದೆ ಎಂಬುದೇ ನನ್ನ ಸಂಕಟ. ದಾಖಲಾಗದ ಕಾರಣ ಅದು ಅದೇ ಜಾಗದಲ್ಲಿ, ಅದೇ ಯಂತ್ರದಲ್ಲಿ, ಮುಂದಿನ ಹುಡುಗನಿಗೂ ಆಗುತ್ತದೆ.

ನಾನು ಒಂದು ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಲೆಕ್ಕಶಾಸ್ತ್ರದಲ್ಲಿ ಖಾತೆಗೆ ಗೆರೆ ಎಳೆಯುವುದೇ ಒಂದು ದೊಡ್ಡ ಕೆಲಸ. ಎಡಗೈಯ ಬೆರಳುಗಳಿಂದ ಸ್ಕೇಲನ್ನು ಒತ್ತಿ ಹಿಡಿದು ಬಲಗೈಯಿಂದ ಎಳೆಯಬೇಕು. ಕೆಲವು ವರ್ಷಗಳ ಹಿಂದೆ ದ್ವಿತೀಯ ಪಿಯುಸಿ ತರಗತಿ ಆರಂಭವಾದ ಹೊಸತರಲ್ಲಿ ಒಬ್ಬ ಹುಡುಗನ ಗೆರೆಗಳು ಪ್ರತಿ ಸಲವೂ ಕೊನೆಗೆ ಬರುವಾಗ ಕೆಳಕ್ಕೆ ಜಾರುತ್ತಿದ್ದವು. ಹತ್ತಿರ ಹೋಗಿ ನೋಡಿದರೆ, ಎಡಗೈಯ ತೋರುಬೆರಳು ನಡುಗಂಟಿನವರೆಗೆ ಮಾತ್ರ ಇತ್ತು. ತುದಿಯ ಚರ್ಮ ಇನ್ನೂ ನಸುಗೆಂಪಾಗಿ ಹೊಳೆಯುತ್ತಿತ್ತು. ಸ್ಕೇಲಿಗೆ ಅದು ತಾಗಿದರೆ ನೋಯುತ್ತದೆಂದು ಅವನು ಅಂಗೈಯ ಬದಿಯಿಂದ ಒತ್ತಿ ಹಿಡಿಯಲು ನೋಡುತ್ತಿದ್ದ. ಏನಾಯಿತೆಂದು ಕೇಳಿದಾಗ "ಬೈಕಿನ ಚೈನಿಗೆ ಸಿಕ್ಕಿತು ಸರ್" ಎಂದ. ಅವನ ಮನೆಯಲ್ಲಿ ಬೈಕಿಲ್ಲ ಎಂಬುದು ಶುಲ್ಕ ವಿನಾಯಿತಿಯ ಅರ್ಜಿ ನೋಡಿದ್ದ ನನಗೆ ಗೊತ್ತಿತ್ತು. ಒತ್ತಾಯ ಮಾಡದೆ ಬಿಟ್ಟೆ. ಕೆಲವು ವಾರಗಳ ನಂತರ ಅವನಾಗಿಯೇ ಸ್ಟಾಫ್ ರೂಮಿನ ಹೊರಗೆ ನಿಂತು ನಡೆದದ್ದನ್ನು ಹೇಳಿದ.

ಅವನು ರಜೆಯಲ್ಲಿ ಒಂದು ಬೇಕರಿಯಲ್ಲಿದ್ದ. ಅಲ್ಲಿ ಮೈದಾ ಕಲಸುವ ಮಿಷಿನ್ ಇತ್ತು. ದೊಡ್ಡ ಸ್ಟೀಲಿನ ಪಾತ್ರೆಯ ಒಳಗೆ ಸುರುಳಿಯಾಕಾರದ ಕಬ್ಬಿಣದ ತೋಳು ತಿರುಗುವ ಯಂತ್ರ ಅದು. ಕಲಸುವಾಗ ಹಿಟ್ಟು ಪಾತ್ರೆಯ ಬದಿಗೆ ಅಂಟುತ್ತದೆ, ಅದನ್ನು ಕೆರೆದು ನಡುವಿಗೆ ತಳ್ಳದಿದ್ದರೆ ಗಂಟು ಉಳಿಯುತ್ತದೆ. ಪ್ರತಿ ಸಲ ಸ್ವಿಚ್ ಆರಿಸಿ, ತೋಳು ನಿಂತ ಮೇಲೆ ಕೆರೆಯುವುದು ಸರಿಯಾದ ಕ್ರಮ. ಬೆಳಿಗ್ಗೆ ಬ್ರೆಡ್ಡಿನ ವಾಹನ ಹೊರಡುವ ಹೊತ್ತಿಗೆ ಅಷ್ಟು ಸಾವಧಾನ ಯಾರಿಗೂ ಇರುವುದಿಲ್ಲ, ಓಡುತ್ತಿರುವ ಮಿಷಿನ್ನಿಗೇ ಕೈ ಹಾಕಿ ಕೆರೆಯುವುದನ್ನು ಹಳಬರು ಮಾಡುತ್ತಾರೆ, ಹೊಸಬರು ನೋಡಿ ಕಲಿಯುತ್ತಾರೆ. ಹಿಟ್ಟು ನೀರಿನಂತೆ ಕೈಯನ್ನು ಬಿಟ್ಟುಕೊಡುವುದಿಲ್ಲ. ಅಂಟಿಕೊಂಡು ಎಳೆಯುತ್ತದೆ, ಆ ಎಳೆತಕ್ಕೆ ಬೆರಳು ತೋಳಿಗೂ ಪಾತ್ರೆಗೂ ನಡುವೆ ಹೋಗುತ್ತದೆ. ಜೊತೆಯವನು ಓಡಿ ಬಂದು ಸ್ವಿಚ್ ಆರಿಸಿದರೂ ತೋಳು ತನ್ನ ವೇಗಕ್ಕೆ ಇನ್ನೂ ಸ್ವಲ್ಪ ತಿರುಗಿಯೇ ನಿಂತಿತಂತೆ. ಆ ಮಿಷಿನ್ನಿಗೆ ಕಂಪನಿಯವರು ಕೊಟ್ಟ ಜಾಲರಿಯ ಮುಚ್ಚಳವಿತ್ತು. ಹಿಟ್ಟು ಸುರಿಯಲು ಅಡ್ಡಿಯಾಗುತ್ತದೆಂದು ಅದನ್ನು ಕಳಚಿ ಗೋಡೆಯ ಮೊಳೆಗೆ ತೂಗುಹಾಕಿದ್ದರು. ಅದರ ಮೇಲೆ ಏಪ್ರನ್‌ಗಳು ನೇತಾಡುತ್ತಿದ್ದವು ಎಂದು ಹುಡುಗ ಹೇಳಿದ.

ಧಣಿ ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ "ಕೇಳಿದರೆ ಬೈಕಿನ ಚೈನ್ ಅಂತ ಹೇಳು, ಇಲ್ಲದಿದ್ದರೆ ಪೊಲೀಸ್ ಕೇಸ್ ಆಗ್ತದೆ, ನಿನ್ನ ಕಾಲೇಜಿಗೂ ತೊಂದರೆ" ಎಂದು ಹೇಳಿಕೊಟ್ಟರು. ಆಸ್ಪತ್ರೆಯವರು ಹೇಳಿದ್ದನ್ನು ಬರೆದುಕೊಂಡರು. ಬಿಲ್ಲನ್ನು ಧಣಿಯೇ ಕಟ್ಟಿದರು, ಒಂದು ತಿಂಗಳ ಸಂಬಳವನ್ನೂ ಕೊಟ್ಟರು, ಮನೆಗೆ ಅಕ್ಕಿ ಕಳಿಸಿದರು. "ಧಣಿ ಒಳ್ಳೆಯವರು ಸರ್. ಕೈ ಹಾಕಿದ್ದು ನಾನೇ ಅಲ್ವಾ" ಎಂದ ಹುಡುಗ. ಆ ಎರಡನೆಯ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಹದಿನಾರು ವರ್ಷದ ಹುಡುಗ, ಮುಚ್ಚಳ ಕಳಚಿಟ್ಟ ಯಂತ್ರದ ಮುಂದೆ ತನ್ನನ್ನು ನಿಲ್ಲಿಸಿದವರನ್ನು ಬಿಟ್ಟು, ಕಳೆದುಹೋದ ಬೆರಳಿನ ತಪ್ಪನ್ನೂ ತಾನೇ ಹೊತ್ತುಕೊಂಡಿದ್ದ.

ಅವನ ತಪ್ಪು ಎಂಬುದನ್ನು ಕಾನೂನು ಒಪ್ಪುವುದಿಲ್ಲ. 1923ರಿಂದಲೂ ನಮ್ಮಲ್ಲಿ ನೌಕರರ ಪರಿಹಾರ ಕಾಯ್ದೆ ಇತ್ತು, ಅದರ ವಿಷಯಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿದೆ. ಕೆಲಸ ಮಾಡುತ್ತಿರುವಾಗ, ಕೆಲಸದ ಕಾರಣದಿಂದ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು ಎಂಬುದು ಅದರ ಮೂಲ ತತ್ವ. ಕೆಲಸಗಾರ ಕುಡಿದಿದ್ದ, ಸ್ಪಷ್ಟ ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದ, ರಕ್ಷಣಾ ಸಾಧನವನ್ನು ತಾನೇ ಬೇಕೆಂದು ತೆಗೆದುಹಾಕಿದ್ದ ಎಂಬಂತಹ ಕೆಲವೇ ಸಂದರ್ಭಗಳಲ್ಲಿ ಮಾತ್ರ ಮಾಲೀಕ ನುಣುಚಿಕೊಳ್ಳಬಹುದು. ಅವಸರದಲ್ಲಿ ಕೈ ಹಾಕಿದ ಎಂಬ ಅಜಾಗರೂಕತೆ ಆ ಪಟ್ಟಿಯಲ್ಲಿಲ್ಲ. ಆ ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಬೆರಳಿಗೂ ಗಂಟು ಗಂಟಿಗೂ ಲೆಕ್ಕವಿದೆ. ತೋರುಬೆರಳು ಪೂರ್ತಿ ಹೋದರೆ ದುಡಿಮೆಯ ಸಾಮರ್ಥ್ಯದ ನಷ್ಟ ಶೇಕಡಾ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣು ಹೋದರೆ 9, ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿದರೆ 5. ಹೆಬ್ಬೆರಳು ಹೋದರೆ 30. ವಯಸ್ಸಿಗೂ ಒಂದು ಗುಣಕದ ಕೋಷ್ಟಕವಿದೆ. ಅದು ಹದಿನಾರು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಂದ ಆರಂಭವಾಗುತ್ತದೆ, ಅವರಿಗೆ ನಿಗದಿಯಾದ 228.54 ಇಡೀ ಕೋಷ್ಟಕದಲ್ಲಿಯೇ ಅತಿ ದೊಡ್ಡ ಸಂಖ್ಯೆ. ಮುಂದೆ ದುಡಿಯಬೇಕಾದ ವರ್ಷಗಳು ಅವನಿಗೇ ಹೆಚ್ಚು ಎಂಬುದು ಇದರ ಅರ್ಥ.

ಲೆಕ್ಕಶಾಸ್ತ್ರದ ಮೇಷ್ಟ್ರಾದ ಕಾರಣ ಆ ಹುಡುಗನ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ನೋಡಿದೆ. ದಿನಕ್ಕೆ 400 ರೂಪಾಯಿಯಂತೆ ತಿಂಗಳಿಗೆ 25 ದಿನ ದುಡಿದರೆ 10,000 ರೂಪಾಯಿ. ಕಾಯ್ದೆಯ ಲೆಕ್ಕಕ್ಕೆ ಹಿಡಿಯುವುದು ಅದರ ಶೇಕಡಾ 60, ಎಂದರೆ 6,000. ಅದನ್ನು 228.54ರಿಂದ ಗುಣಿಸಿದರೆ 13,71,240. ಎರಡು ಗೆಣ್ಣಿಗೆ ಅದರ ಶೇಕಡಾ 11, ಅಂದರೆ 1,50,836 ರೂಪಾಯಿ. ಚಿಕಿತ್ಸೆಯ ವೆಚ್ಚ ಇದರಲ್ಲಿ ಸೇರಿಲ್ಲ, ಅದನ್ನು ಮಾಲೀಕ ಪ್ರತ್ಯೇಕವಾಗಿ ಭರಿಸಬೇಕು. ಅವನಿಗೆ ಸಿಕ್ಕಿದ್ದು ಆಸ್ಪತ್ರೆಯ ಬಿಲ್ಲು, ಒಂದು ತಿಂಗಳ ಸಂಬಳ ಮತ್ತು ಅಕ್ಕಿ. ಕಾನೂನು ಅವನ ಬೆರಳಿಗೆ ಎಲ್ಲರಿಗಿಂತ ಹೆಚ್ಚಿನ ಬೆಲೆ ಕಟ್ಟಿತ್ತು, ಆದರೆ ಆಸ್ಪತ್ರೆಯ ಚೀಟಿಯಲ್ಲಿ ಬೈಕಿನ ಚೈನ್ ಎಂದು ಬರೆದಿತ್ತು.

ಈ ಲೆಕ್ಕವನ್ನು ನಾನು ಅವನ ತಾಯಿಗೆ ವಿವರಿಸಿದೆ. ಅವರು ಬೀಡಿ ಕಟ್ಟುತ್ತಲೇ ಪೂರ್ತಿ ಕೇಳಿದರು. "ನೀವು ಹೇಳುವುದು ಸರಿ ಸರ್, ಆದರೆ ನಾಳೆ ಅವರ ಮುಖ ನಾವು ನೋಡಬೇಡವಾ? ಸಣ್ಣವನಿಗೂ ಅಲ್ಲೇ ಕೆಲಸ ಅಂತ ಹೇಳಿದ್ದಾರೆ" ಎಂದರು. ಅರ್ಜಿ ಹಾಕಲಿಲ್ಲ. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗೆ ಬರಲಿಲ್ಲ, ಒಂದೇ ಓಣಿಯಲ್ಲಿ ಬದುಕಬೇಕಾದವರ ನ್ಯಾಯ ಬೇರೆ ಇರುತ್ತದೆ. ಆದರೆ ಆ "ಸಣ್ಣವನಿಗೂ ಅಲ್ಲೇ ಕೆಲಸ" ಎಂಬ ಮಾತಿನಿಂದ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಮುಚ್ಚಳ ಆಗಲೂ ಮೊಳೆಯಲ್ಲಿಯೇ ಇತ್ತು.

ಹದಿಹರೆಯದವರಿಗೆ ಏಕೆ ಹೆಚ್ಚು ಪೆಟ್ಟಾಗುತ್ತದೆ ಎಂಬ ಪ್ರಶ್ನೆಗೆ "ಹುಡುಗಾಟ" ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಹೇಳಿದಂತೆ, 15ರಿಂದ 24 ವರ್ಷದ ಕೆಲಸಗಾರರಲ್ಲಿ ಸಾವಿಗೆ ಕಾರಣವಾಗದ ಕೆಲಸದ ಗಾಯಗಳ ಪ್ರಮಾಣ ಹಿರಿಯರಿಗಿಂತ ಶೇಕಡಾ 40ರವರೆಗೂ ಹೆಚ್ಚಿರುತ್ತದೆ. ಕೆನಡಾದ ಟೊರೊಂಟೊದಲ್ಲಿರುವ ಕೆಲಸ ಮತ್ತು ಆರೋಗ್ಯ ಸಂಸ್ಥೆಯ ಸಂಶೋಧಕರು ಇನ್ನೊಂದು ಅಂಶವನ್ನು ತೋರಿಸಿಕೊಟ್ಟಿದ್ದಾರೆ: ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗದವರಿಗೆ, ಅದೇ ಕೆಲಸದಲ್ಲಿ ವರ್ಷ ದಾಟಿದವರಿಗಿಂತ, ಪೆಟ್ಟಾಗುವ ಸಾಧ್ಯತೆ ಮೂರು ಪಟ್ಟಿಗೂ ಹೆಚ್ಚು. ಅಲ್ಲಿ ವಯಸ್ಸಿಗಿಂತ ಹೊಸತನವೇ ದೊಡ್ಡ ಕಾರಣ. ನಮ್ಮ ರಜೆಯ ಹುಡುಗರ ಇಡೀ ಉದ್ಯೋಗವೇ ಎರಡು ತಿಂಗಳಿನದು. ಅಪಾಯ ಇಳಿಯುವ ಹೊತ್ತಿಗೆ ಅವರು ಆ ಕೆಲಸ ಬಿಟ್ಟಿರುತ್ತಾರೆ, ಮುಂದಿನ ವರ್ಷ ಇನ್ನೊಂದು ಕಡೆ ಮತ್ತೆ ಹೊಸಬರಾಗಿ ಸೇರುತ್ತಾರೆ.

ಇದರ ಜೊತೆ ನಮ್ಮಲ್ಲಿನ ಇನ್ನೊಂದು ಪದ್ಧತಿಯನ್ನೂ ಸೇರಿಸಬೇಕು. ಹೊಸ ಹುಡುಗನಿಗೆ ಮೊದಲು ಕೊಡುವ ಕೆಲಸ ತೊಳೆಯುವುದು, ಒರೆಸುವುದು, ಹಿಡಿದುಕೊಳ್ಳುವುದು. ಯಂತ್ರ ನಡೆಸುವುದು ಅನುಭವಿಯ ಕೆಲಸ, ಸ್ವಚ್ಛ ಮಾಡುವುದು ಯಾರಾದರೂ ಮಾಡುವ ಕೆಲಸ ಎಂಬ ಭಾವನೆ ಇದೆ. ವಾಸ್ತವದಲ್ಲಿ ಯಂತ್ರದ ಮುಚ್ಚಳ ತೆರೆಯುವುದು, ಕೈ ಒಳಗೆ ಹೋಗುವುದು, ಗಾಲಿಗೂ ಬೆಲ್ಟಿಗೂ ಹತ್ತಿರ ಬೆರಳು ಸುಳಿಯುವುದು ಸ್ವಚ್ಛ ಮಾಡುವಾಗಲೇ. ಕಬ್ಬಿನ ಹಾಲಿನ ಗಾಣದಲ್ಲಿ ಸಿಕ್ಕಿಕೊಂಡ ಸಿಪ್ಪೆ ಎಳೆಯುವಾಗ, ಹೋಟೆಲಿನ ಗ್ರೈಂಡರಿನಲ್ಲಿ ಉಳಿದ ಹಿಟ್ಟು ಬಳಿಯುವಾಗ, ಐಸ್ ಪ್ಲಾಂಟಿನಲ್ಲಿ ಪುಡಿ ಮಾಡುವ ಮಿಷಿನ್ನಿನ ಬಾಯಿಗೆ ಅಡ್ಡ ನಿಂತ ಗಡ್ಡೆಯನ್ನು ತಳ್ಳುವಾಗ ಆಗುವುದೂ ಇದೇ. 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಚಲಿಸುತ್ತಿರುವ ಯಂತ್ರಭಾಗಗಳನ್ನು ಹದಿನೆಂಟು ತುಂಬದವರಿಂದ ಒರೆಸಿಸಬಾರದು, ಅವುಗಳಿಗೆ ಎಣ್ಣೆ ಹಾಕಿಸಬಾರದು ಎಂದು ಅದರ 22ನೇ ಕಲಮು ಹೇಳಿತು. ಅಪಾಯವನ್ನು ಪೂರ್ತಿ ತಿಳಿಸದೆ, ಸಾಕಷ್ಟು ತರಬೇತಿಯನ್ನೋ ಬಲ್ಲವರ ಮೇಲ್ವಿಚಾರಣೆಯನ್ನೋ ಕೊಡದೆ ಅವರನ್ನು ಅಪಾಯಕಾರಿ ಯಂತ್ರದಲ್ಲಿ ನಿಲ್ಲಿಸಬಾರದು ಎಂದು 23ನೇ ಕಲಮು ಹೇಳಿತು. ಆದರೆ ಆ ಕಾಯ್ದೆ ವಿದ್ಯುತ್ ಬಳಸುವಲ್ಲಿ ಹತ್ತು ಮಂದಿಯಾದರೂ ದುಡಿಯುವ ಜಾಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನಾಲ್ಕು ಜನರ ಬೇಕರಿ ಅದರ ಹೊರಗೆ ಉಳಿಯಿತು. ಅಮೆರಿಕದಲ್ಲಿ ಹದಿನೆಂಟು ತುಂಬದವರು ಬೇಕರಿಯ ಹಿಟ್ಟು ಕಲಸುವ ಯಂತ್ರವನ್ನು ನಡೆಸುವುದಕ್ಕೂ ತೊಳೆಯುವುದಕ್ಕೂ ನಿಷೇಧವಿದೆ ಎಂದು ಓದಿದಾಗ, ಯಾರೋ ಎಲ್ಲೋ ಇಂತಹ ಬೆರಳುಗಳನ್ನು ಎಣಿಸಿ ಬರೆದಿಟ್ಟುಕೊಂಡದ್ದರಿಂದಲೇ ಆ ನಿಯಮ ಹುಟ್ಟಿರಬೇಕು ಅನ್ನಿಸಿತು.

ಯಂತ್ರವಿಲ್ಲದ ಕೆಲಸದಲ್ಲಿಯೂ ಪೆಟ್ಟು ತಪ್ಪಿದ್ದಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹೋಗುವುದು ಕ್ಯಾಟರಿಂಗಿಗೆ. ಮದುವೆ, ಮೆಹಂದಿ, ರಿಸೆಪ್ಶನ್, ಬ್ರಹ್ಮಕಲಶ, ನೇಮ ಎಂದು ನಮ್ಮ ಊರುಗಳಲ್ಲಿ ನವೆಂಬರಿನಿಂದ ಮೇವರೆಗೆ ಊಟಗಳಿಗೆ ಬಿಡುವೇ ಇಲ್ಲ. ದೇವಸ್ಥಾನದ ಸಭಾಭವನಗಳಲ್ಲಿ ಬಡಿಸುವವರು ಬರಿಗಾಲಿನಲ್ಲಿ ಇರುತ್ತಾರೆ. ಕುದಿಯುವ ಸಾರಿನ ಬಾಲ್ದಿ ಹಿಡಿದು ಪಂಕ್ತಿಯ ನಡುವೆ ಓಡುವಾಗ ನೆಲದಲ್ಲಿ ಚೆಲ್ಲಿದ ಮಜ್ಜಿಗೆಗೋ ಬಾಳೆಯ ಎಲೆಗೋ ಕಾಲು ಜಾರಿದರೆ ಸಾರು ಮೊಣಕಾಲಿನಿಂದ ಪಾದದವರೆಗೆ ಇಳಿಯುತ್ತದೆ. ಪಾಯಸ ಇನ್ನೂ ಕೆಟ್ಟದು, ಬೆಲ್ಲದ ಪಾಕ ಚರ್ಮಕ್ಕೆ ಅಂಟಿಕೊಂಡು ಬಿಸಿ ಆರುವವರೆಗೂ ಸುಡುತ್ತಲೇ ಇರುತ್ತದೆ. ಅಡುಗೆಯ ಕಡೆ ಕೊಪ್ಪರಿಗೆಯಿಂದ ಅನ್ನದ ಗಂಜಿ ಬಸಿಯಲು ಇಬ್ಬರು ಹಿಡಿಯಬೇಕಾದಲ್ಲಿ ಒಂದು ಬದಿಗೆ ಹುಡುಗನನ್ನು ನಿಲ್ಲಿಸಿದರೆ, ಅವನ ಎತ್ತರ ಸಾಲದೆ ಬಿಸಿ ಗಂಜಿ ಅವನ ಕಡೆಗೇ ವಾಲುತ್ತದೆ. ಸುಟ್ಟ ಕೂಡಲೇ ಟೂತ್‌ಪೇಸ್ಟ್ ಹಚ್ಚುತ್ತಾರೆ, ಕೆಲವರು ಶಾಯಿ ಹಚ್ಚುತ್ತಾರೆ. ಇವೆರಡರಿಂದಲೂ ಗಾಯ ಕೆಡುತ್ತದೆ. ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಯಬಿಡುವುದೇ ಮೊದಲ ಚಿಕಿತ್ಸೆ, ಅದಕ್ಕೆ ಯಾವ ಖರ್ಚೂ ಇಲ್ಲ.

ರಿಸೆಪ್ಶನ್ ಮುಗಿದು ಪಾತ್ರೆಗಳನ್ನು ಟೆಂಪೋಗೆ ಹೇರುವಾಗ ನಡುರಾತ್ರಿ ಆಗಿರುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, ಹದಿನಾಲ್ಕರಿಂದ ಹದಿನೆಂಟರ ನಡುವಿನವರನ್ನು ಕಿಶೋರ ಕಾರ್ಮಿಕರೆಂದು ಗುರುತಿಸಲಾಯಿತು. ಗಣಿ, ಸ್ಫೋಟಕ ಮತ್ತು ಸುಲಭವಾಗಿ ಬೆಂಕಿ ಹಿಡಿಯುವ ವಸ್ತುಗಳು, ಅಪಾಯಕಾರಿ ಪ್ರಕ್ರಿಯೆಗಳು ಇವರಿಗೆ ಪೂರ್ತಿ ನಿಷಿದ್ಧ. ನಮ್ಮ ಕೆಂಪುಕಲ್ಲಿನ ಕೋರೆಗಳೂ ಗಣಿಯೇ ಎಂಬುದನ್ನು ಅನೇಕರು ಮರೆಯುತ್ತಾರೆ. ಉಳಿದ ಕೆಲಸಗಳಲ್ಲಿ ಸತತವಾಗಿ ಮೂರು ಗಂಟೆ ದುಡಿಸಿದ ಮೇಲೆ ಒಂದು ಗಂಟೆ ವಿಶ್ರಾಂತಿ ಕೊಡಬೇಕು, ವಿಶ್ರಾಂತಿಯೂ ಸೇರಿ ದಿನದ ಅವಧಿ ಆರು ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸಲೇಬಾರದು. ಅವರ ಹೆಸರು, ಹುಟ್ಟಿದ ದಿನಾಂಕ, ಕೆಲಸದ ಸಮಯ ಬರೆದಿಡುವ ಪುಸ್ತಕ ಮಾಲೀಕನ ಬಳಿ ಇರಬೇಕು. ಪೂರ್ತಿ ನಿಷಿದ್ಧವಾದ ಕೆಲಸಗಳಲ್ಲಿ ದುಡಿಸಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20,000ದಿಂದ 50,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. "ವಿದ್ಯಾರ್ಥಿ, ರಜೆಗೆಂದು ಬಂದವ" ಎಂಬ ವಿನಾಯಿತಿ ಇದರಲ್ಲಿ ಎಲ್ಲಿಯೂ ಇಲ್ಲ.

ಕಾನೂನಿನ ಹೆಸರು ಕೇಳಿದರೆ ಧಣಿಗಳು ಬೆದರುತ್ತಾರೆ, ಬೆದರಿಕೆಯಿಂದಲೇ ಸುಳ್ಳು ಹುಟ್ಟುತ್ತದೆ. ಅವರಿಗೆ ನಾನು ಹೇಳುವುದು ಇಷ್ಟು: ಹದಿನಾರರ ಹುಡುಗನನ್ನು ಹಗಲಿನಲ್ಲಿ, ಮಿತವಾದ ಗಂಟೆಗಳಿಗೆ, ಕೌಂಟರಿನಲ್ಲಿಯೋ ಪ್ಯಾಕಿಂಗಿನಲ್ಲಿಯೋ, ಹೆಸರು ಬರೆದುಕೊಂಡು ಇಟ್ಟುಕೊಳ್ಳುವುದು ಅಪರಾಧವಲ್ಲ. ಹಾಗೆ ಇಟ್ಟುಕೊಂಡವರು ಆಸ್ಪತ್ರೆಯಲ್ಲಿ ಏನನ್ನೂ ಮುಚ್ಚಿಡಬೇಕಾಗಿಲ್ಲ. ಹಿಟ್ಟಿನ ಮಿಷಿನ್ನಿಗೆ ಮುಚ್ಚಳ ಹಾಕಿ, ತೊಳೆಯುವ ಮುನ್ನ ಪ್ಲಗ್ಗನ್ನೇ ಕಿತ್ತು, ಆ ಕೆಲಸವನ್ನು ದೊಡ್ಡವರಿಗೆ ಕೊಟ್ಟರೆ ಬ್ರೆಡ್ಡಿನ ವಾಹನ ಹತ್ತು ನಿಮಿಷ ತಡವಾಗಬಹುದು, ಅಷ್ಟೇ. ಅಡಿಕೆ ತೋಟದವರು ಅಲ್ಯೂಮಿನಿಯಂ ದೋಟಿಯನ್ನು ವಿದ್ಯುತ್ ತಂತಿ ಹಾಯುವ ಕಡೆ ಹುಡುಗರ ಕೈಗೆ ಕೊಡದಿರಲಿ, ಒದ್ದೆ ಮರಕ್ಕೆ ಮದ್ದು ಬಿಡಲು ಹತ್ತಿಸದಿರಲಿ.

ಬೆರಳು ತುಂಡಾದರೆ ಮಾಡಬೇಕಾದದ್ದನ್ನು ಮಲ್ಪೆ ಮತ್ತು ಮಂಗಳೂರಿನ ದಕ್ಕೆಯವರಿಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಐಸ್ ಕೈಗೆಟಕುವಲ್ಲಿಯೇ ಇರುತ್ತದೆ ಮತ್ತು ತುಂಡನ್ನು ನೇರವಾಗಿ ಅದರಲ್ಲಿ ಹೂಳುವ ಸಂಭವವಿರುತ್ತದೆ. ಹಾಗೆ ಮಾಡಿದರೆ ಅಂಗಾಂಶ ಹೆಪ್ಪುಗಟ್ಟಿ ಹಾಳಾಗುತ್ತದೆ. ತುಂಡನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಬೆರೆತ ನೀರಿನಲ್ಲಿ ಇಟ್ಟು, ಗಾಯಾಳುವಿನ ಜೊತೆಯಲ್ಲಿಯೇ ಒಯ್ಯಬೇಕು. ಪ್ಲಾಸ್ಟಿಕ್ ಸರ್ಜರಿಯ ತಜ್ಞರಿರುವ ದೊಡ್ಡ ಆಸ್ಪತ್ರೆಗಳು ಮಂಗಳೂರಿನಲ್ಲೂ ಮಣಿಪಾಲದಲ್ಲೂ ಇವೆ. ಜಜ್ಜಿಹೋದ ಬೆರಳನ್ನು ಜೋಡಿಸುವುದು ಕಷ್ಟ, ನೇರವಾಗಿ ಕತ್ತರಿಸಿದ್ದನ್ನು ಬೇಗ ತಲುಪಿಸಿದರೆ ಜೋಡಿಸುವ ಸಾಧ್ಯತೆ ಇರುತ್ತದೆ. ನನ್ನ ವಿದ್ಯಾರ್ಥಿಯ ಬೆರಳಿನ ತುಂಡನ್ನು ಅಂದು ಹಿಟ್ಟಿನಲ್ಲಿ ಯಾರೂ ಹುಡುಕಲಿಲ್ಲ.

ಮಕ್ಕಳನ್ನು ಕೆಲಸಕ್ಕೆ ಕಳಿಸುವ ತಂದೆತಾಯಿಯರಲ್ಲಿ ನನ್ನ ಕೋರಿಕೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಆಡುವ ಮೊದಲ ಮಾತಿನ ಬಗ್ಗೆ. "ಹೇಗಾಯಿತು" ಎಂದು ವೈದ್ಯರು ಕೇಳಿ ಬರೆದುಕೊಳ್ಳುವ ಒಂದು ಸಾಲು ಮುಂದೆ ಡಿಸ್ಚಾರ್ಜ್ ಚೀಟಿಯಲ್ಲಿಯೂ ಪೊಲೀಸರ ಕಾಗದದಲ್ಲಿಯೂ ಪರಿಹಾರದ ಅರ್ಜಿಯಲ್ಲಿಯೂ ಸಾಕ್ಷಿಯಾಗಿ ನಿಲ್ಲುತ್ತದೆ. ಅಲ್ಲಿ ಕೆಲಸದ ಜಾಗ, ಯಂತ್ರದ ಹೆಸರು, ಹೊತ್ತು ಇವನ್ನು ನಡೆದಂತೆಯೇ ಬರೆಸಿ. ಪರಿಹಾರ ಕೇಳಬೇಕೋ ಬೇಡವೋ ಎಂಬುದನ್ನು ಆಮೇಲೆ ಮನೆಯಲ್ಲಿ ಕೂತು ಯೋಚಿಸಬಹುದು. ಆದರೆ ವರ್ಷಗಟ್ಟಲೆ ಕಾಯುವಂತಿಲ್ಲ, 1923ರ ಕಾಯ್ದೆಯಲ್ಲಿ ಅದಕ್ಕೆ ಎರಡು ವರ್ಷಗಳ ಗಡುವಿತ್ತು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಕ್ಕಳಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಮಂಗಳೂರಿನಲ್ಲಿಯೂ ಉಡುಪಿಯಲ್ಲಿಯೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಗು ತಾನೇ ಮಾತಾಡಬೇಕೆಂದರೆ 1098ಕ್ಕೆ ಕರೆ ಮಾಡಬಹುದು.

ಈಗ ನಮ್ಮ ಕಾಲೇಜಿನಲ್ಲಿ ಮಾರ್ಚ್ ತಿಂಗಳ ಪೋಷಕರ ಸಭೆಯಲ್ಲಿ ಒಂದು ಹಾಳೆ ಹಂಚುತ್ತೇವೆ. ರಜೆಯಲ್ಲಿ ಮಗ ಅಥವಾ ಮಗಳು ಎಲ್ಲಿ ಕೆಲಸಕ್ಕೆ ಹೋಗುತ್ತಾರೆ, ಧಣಿಯ ಫೋನ್ ನಂಬರ್ ಯಾವುದು, ಏನು ಕೆಲಸ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ ಎಂದು ಅದರಲ್ಲಿ ಬರೆದುಕೊಡಬೇಕು. ಆರಂಭದಲ್ಲಿ ಬಹಳ ಹಾಳೆಗಳು ಖಾಲಿಯಾಗಿಯೇ ಬಂದವು. ಕಳೆದ ಸಲ ತುಂಬಿ ಬಂದವುಗಳೇ ಹೆಚ್ಚು, ಕೆಲವು ಕ್ಯಾಟರಿಂಗ್‌ನವರು ಹಾಳೆ ನೋಡಿ ತಾವಾಗಿಯೇ ಫೋನ್ ಮಾಡಿ ರಾತ್ರಿಯ ಕೆಲಸಕ್ಕೆ ಹದಿನೆಂಟು ದಾಟಿದವರನ್ನು ಮಾತ್ರ ಕರೆಯುತ್ತೇವೆ ಎಂದರು. ಆ ಹಾಳೆಯಲ್ಲಿ ಯಂತ್ರದ ಬಗ್ಗೆ ಪ್ರಶ್ನೆಯಿರಲಿಲ್ಲ. ಈ ವರ್ಷದ ಹಾಳೆಗೆ "ಯಾವ ಮಿಷಿನ್ನಿನ ಹತ್ತಿರ ಕೆಲಸ, ಅದಕ್ಕೆ ಮುಚ್ಚಳ ಇದೆಯೇ" ಎಂಬ ಸಾಲನ್ನು ಸೇರಿಸಿದ್ದೇವೆ.